ರೋಗಿಯ ಹಣೆಗೆ ಎಣ್ಣೆ

ಹೊಸ ಒಡಂಬಡಿಕೆಯಲ್ಲಿ ಪೌಲನ ದೊಡ್ಡ ದೊಡ್ಡ ಪತ್ರಗಳೆಲ್ಲ ಮುಗಿದ ಮೇಲೆ ಯಾಕೋಬನ ಹೆಸರಿನ ಒಂದು ಸಣ್ಣ ಪತ್ರ ಬರುತ್ತದೆ. ಒಟ್ಟು ಐದೇ ಅಧ್ಯಾಯಗಳು. ಅದರಲ್ಲಿ ಯೇಸುಕ್ರಿಸ್ತನ ಹೆಸರು ಕಾಣಿಸುವುದು ಎರಡೇ ಸಲ. ತತ್ತ್ವಜಿಜ್ಞಾಸೆ ಅಲ್ಲಿ ಕಡಿಮೆ. ನಾಲಗೆಗೆ ಕಡಿವಾಣ ಬೇಕು, ಧನಿಕನಿಗೆ ಒಳ್ಳೆಯ ಪೀಠ ಕೊಟ್ಟು ಬಡವನನ್ನು ಕಾಲಬಳಿ ಕೂರಿಸುವುದು ತರವಲ್ಲ, ಹೊಲ ಕೊಯ್ದವನ ಕೂಲಿಯನ್ನು ತಡೆಹಿಡಿಯುವುದು ಪಾಪ ಎಂಬಂತಹ ದಿನಬಳಕೆಯ ಬುದ್ಧಿಮಾತುಗಳೇ ಹೆಚ್ಚು. ಈ ಪತ್ರದ ಕಡೆಯ ಅಧ್ಯಾಯದ 14 ಮತ್ತು 15ನೆಯ ವಚನಗಳಲ್ಲಿ, ಮಾತಿನ ನಡುವೆ ಬಂದುಹೋಗುವಂತೆ, ಒಂದು ಸೂಚನೆ ಇದೆ. ನಿಮ್ಮಲ್ಲಿ ಯಾವನಾದರೂ ಅಸ್ವಸ್ಥನಾಗಿದ್ದರೆ ಅವನು ಸಭೆಯ ಹಿರಿಯರನ್ನು ಕರೆಯಿಸಿಕೊಳ್ಳಬೇಕು. ಅವರು ಬಂದು ಕರ್ತನ ಹೆಸರಿನಲ್ಲಿ ಅವನಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು. ನಂಬಿಕೆಯಿಂದ ಮಾಡಿದ ಆ ಪ್ರಾರ್ಥನೆ ಅವನನ್ನು ಉಳಿಸುತ್ತದೆ, ಕರ್ತನು ಅವನನ್ನು ಎಬ್ಬಿಸುತ್ತಾನೆ. ಅವನು ಪಾಪ ಮಾಡಿದವನಾಗಿದ್ದರೆ ಅದಕ್ಕೂ ಕ್ಷಮೆ ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ.

ಇಷ್ಟೇ. ಎಣ್ಣೆ ಎಷ್ಟು, ಯಾವ ಅಂಗಕ್ಕೆ, ಯಾವ ಮಂತ್ರ ಹೇಳಿ, ಎಷ್ಟು ಸಲ ಎಂಬ ವಿಧಿವಿಧಾನ ಒಂದೂ ಇಲ್ಲ. ಆದರೂ ಕ್ರೈಸ್ತ ಜಗತ್ತಿನಲ್ಲಿ ರೋಗಶಯ್ಯೆಯ ಪಕ್ಕದಲ್ಲಿ ನಡೆಯುವ ಅಭ್ಯಂಜನಕ್ಕೆಲ್ಲ ಇದೇ ಮೂಲ. ಅದರ ಸುತ್ತ ನಡೆದ ಜಗಳಕ್ಕೂ ಇದೇ ಮೂಲ. ನನಗೆ ಬೈಬಲ್ಲಿನಲ್ಲಿ ಇರುವ ಆಸಕ್ತಿ ಸಾಹಿತ್ಯದ ವಿದ್ಯಾರ್ಥಿಯದು, ಮತಪಂಡಿತನದಲ್ಲ. ಆದರೆ ಎರಡು ವಾಕ್ಯಗಳು ಹೀಗೆ ಶತಮಾನಗಳ ಕಾಲ ಕೋಟ್ಯಂತರ ಜನರ ಹಾಸಿಗೆಯ ಬಳಿ ಬಂದು ನಿಂತಾಗ, ಅವುಗಳ ಒಂದೊಂದು ಪದವನ್ನೂ ಬಿಡಿಸಿ ನೋಡುವ ಕುತೂಹಲ ಯಾವ ಓದುಗನಿಗಾದರೂ ಹುಟ್ಟೀತು.

ಮೊದಲು ಎಣ್ಣೆಯ ಮಾತು. ಪ್ಯಾಲೆಸ್ಟೈನಿನ ಎಣ್ಣೆಯೆಂದರೆ ಆಲಿವ್ ಮರದ ಕಾಯಿಯಿಂದ ತೆಗೆದ ಎಣ್ಣೆ. ಕನ್ನಡ ಸತ್ಯವೇದದ ಭಾಷಾಂತರಕಾರರು ಈ ಮರಕ್ಕೆ ಎಣ್ಣೆಮರ ಎಂದೇ ಹೆಸರಿಟ್ಟರು. ಆ ನಾಡಿನ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಸರಿಯಾದ ಹೆಸರಿಲ್ಲ. ಯೇಸು ತನ್ನ ಕೊನೆಯ ರಾತ್ರಿ ಬೆವರಿ ಪ್ರಾರ್ಥಿಸಿದ ಗೆತ್ಸೇಮನೆ ಎಂಬ ಸ್ಥಳದ ಹೆಸರಿಗೂ ಎಣ್ಣೆಯ ಗಾಣ ಎಂದೇ ಅರ್ಥ. ಅಡಿಗೆಗೆ, ದೀಪಕ್ಕೆ, ಮೈಗೆ, ತಲೆಗೆ, ಗಾಯಕ್ಕೆ ಎಲ್ಲಕ್ಕೂ ಅದೇ. ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ಪ್ರವಾದಿಯು ತನ್ನ ಜನಾಂಗವನ್ನು ಅಡಿಯಿಂದ ಮುಡಿಯವರೆಗೆ ಗಾಯಗೊಂಡ ದೇಹಕ್ಕೆ ಹೋಲಿಸಿ, ಆ ಗಾಯಗಳನ್ನು ಯಾರೂ ಎಣ್ಣೆ ಸವರಿ ಮೆತ್ತಗೆ ಮಾಡಿಲ್ಲವೆಂದು ಮರುಗುತ್ತಾನೆ. ಲೂಕನ ಸುವಾರ್ತೆಯ ಸಮಾರ್ಯದವನು ದಾರಿಯಲ್ಲಿ ಕಳ್ಳರಿಂದ ಬಡಿಸಿಕೊಂಡು ಬಿದ್ದವನ ಗಾಯಕ್ಕೆ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಹೊಯ್ದು ಕಟ್ಟುತ್ತಾನೆ. ಇತಿಹಾಸಕಾರ ಜೋಸೆಫಸನು ಹೇಳುವಂತೆ ಮಹಾ ಹೆರೋದನ ಕೊನೆಯ ಕಾಯಿಲೆಯಲ್ಲಿ ವೈದ್ಯರು ಅವನನ್ನು ಬೆಚ್ಚನೆಯ ಎಣ್ಣೆ ತುಂಬಿದ ತೊಟ್ಟಿಯಲ್ಲಿ ಇಳಿಸಿದರು. ರಾಜನು ಕಣ್ಣು ಮೇಲೆ ಮಾಡಿ ಮೂರ್ಛೆ ಹೋದನು, ಸೇವಕರು ಅತ್ತು ಗದ್ದಲವೆಬ್ಬಿಸಿದ ಮೇಲೆ ಎಚ್ಚೆತ್ತನು. ಅರಸನಿಗೆ ತೊಟ್ಟಿಯ ತುಂಬ, ದಾರಿಹೋಕನಿಗೆ ಬುದ್ದಲಿಯಲ್ಲಿದ್ದಷ್ಟು. ಚಿಕಿತ್ಸೆ ಮಾತ್ರ ಒಂದೇ.

ಸುಮಾರು ಕ್ರಿ. ಶ. 200ರಲ್ಲಿ ಸಂಕಲನಗೊಂಡ ಯೆಹೂದ್ಯರ ಮಿಷ್ನಾ ಗ್ರಂಥದಲ್ಲಿ ಒಂದು ಸೊಗಸಾದ ಚರ್ಚೆಯುಂಟು. ಸಬ್ಬತ್ತಿನ ದಿನ ಔಷಧೋಪಚಾರ ಕೂಡದೆಂಬುದು ನಿಯಮ. ಹಾಗಾದರೆ ಸೊಂಟ ನೋಯುವವನು ಏನು ಮಾಡಬೇಕು? ದ್ರಾಕ್ಷಾರಸವನ್ನೋ ಹುಳಿರಸವನ್ನೋ ತಿಕ್ಕಿಕೊಂಡರೆ ಅದು ಔಷಧಿ, ಕೂಡದು. ಸಾಧಾರಣ ಎಣ್ಣೆ ಹಚ್ಚಿಕೊಂಡರೆ ಅಡ್ಡಿಯಿಲ್ಲ, ಏಕೆಂದರೆ ಅದು ನಿತ್ಯದ ರೂಢಿ. ಗುಲಾಬಿಯ ಎಣ್ಣೆಯಾದರೆ ಮತ್ತೆ ಕೂಡದು, ಆದರೆ ರಾಜಪುತ್ರರಿಗೆ ಅಡ್ಡಿಯಿಲ್ಲ, ಅವರು ಅದನ್ನು ದಿನವೂ ಹಚ್ಚಿಕೊಳ್ಳುವವರು. ಆಗ ರಬ್ಬಿ ಶಿಮೋನನು ಎದ್ದು, ಇಸ್ರಾಯೇಲಿನ ಮಕ್ಕಳೆಲ್ಲರೂ ರಾಜಪುತ್ರರೇ ಎಂದು ತೀರ್ಪು ಕೊಡುತ್ತಾನೆ! ಈ ಚರ್ಚೆಯಿಂದ ನಮಗೆ ತಿಳಿಯಬೇಕಾದುದು ಇಷ್ಟು: ಎಣ್ಣೆಯು ಔಷಧಿಗೂ ನಿತ್ಯೋಪಚಾರಕ್ಕೂ ನಡುವಿನ ವಸ್ತು. ಯಾಕೋಬನು ಹೇಳಿದ್ದು ಎಲ್ಲಿಂದಲೋ ತರಬೇಕಾದ ದಿವ್ಯರಸವನ್ನಲ್ಲ. ರೋಗಿಯ ಮನೆಯಲ್ಲೇ ಇರುವ ಎಣ್ಣೆಯನ್ನು.

ಇಲ್ಲಿ ಶಬ್ದದ ಒಂದು ಸೂಕ್ಷ್ಮವಿದೆ. ಗ್ರೀಕಿನಲ್ಲಿ ಎಣ್ಣೆ ಹಚ್ಚುವುದಕ್ಕೆ ಎರಡು ಕ್ರಿಯಾಪದಗಳು. ಒಂದು 'ಖ್ರಿಯೊ'; ಅರಸನನ್ನೂ ಯಾಜಕನನ್ನೂ ಎಣ್ಣೆ ಎರೆದು ಪಟ್ಟಕ್ಕೆ ತರುವ ಕಾರ್ಯವನ್ನು ಬೈಬಲ್ಲಿನ ಗ್ರೀಕ್ ಭಾಷೆ ಇದರಿಂದ ಹೇಳುತ್ತದೆ; ಕ್ರಿಸ್ತ, ಎಂದರೆ ಅಭಿಷಿಕ್ತ, ಎಂಬ ಹೆಸರು ಬಂದದ್ದು ಇದರಿಂದಲೇ. ಇನ್ನೊಂದು 'ಅಲೈಫೊ', ಸ್ನಾನವಾದ ಮೇಲೆ ಮೈಗೆ ಸವರುವುದಕ್ಕೆ, ತಲೆಗೆ ಹಚ್ಚುವುದಕ್ಕೆ ಬಳಸುವ ಮನೆಮಾತು. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ 'ಲಿಪ್' ಧಾತುವಿನ ಬಂಧುವೆನ್ನುತ್ತಾರೆ. ನಮ್ಮ ಲೇಪ, ಲೇಪನಗಳ ಮನೆತನದ್ದು. ಯಾಕೋಬನು ಬಳಸಿದ್ದು ಈ ಎರಡನೆಯ ಮಾತನ್ನು. ಕನ್ನಡದಲ್ಲಿ ಅಭಿಷೇಕ ಬೇರೆ, ಎಣ್ಣೆ ಹಚ್ಚುವುದು ಬೇರೆ. ಆದುದರಿಂದ ಈ ಅಂತರ ನಮಗೆ ಥಟ್ಟನೆ ಹೊಳೆಯುತ್ತದೆ. ಲ್ಯಾಟಿನ್ ಬೈಬಲ್ಲು ಎರಡನ್ನೂ 'ಉಂಗೆರೆ' ಎಂಬ ಒಂದೇ ಕ್ರಿಯಾಪದದಲ್ಲಿ ಅಡಗಿಸಿಬಿಟ್ಟಿತು. (ಅದೂ ನಮಗೆ ಪರಕೀಯವಲ್ಲ, ಅಂಜನ, ಅಭ್ಯಂಜನಗಳ ಧಾತುವಿಗೆ ಅದು ದಾಯಾದಿ.) ಪಶ್ಚಿಮದ ಧರ್ಮಸಭೆಯು ಸಾವಿರ ವರ್ಷ ಓದಿದ್ದು ಈ ಲ್ಯಾಟಿನ್ ಪಾಠವನ್ನು. ಮನೆಯ ಎಣ್ಣೆ ಕ್ರಮಕ್ರಮವಾಗಿ ಗುಡಿಯ ಎಣ್ಣೆಯಾದುದಕ್ಕೆ ಭಾಷಾಂತರವೂ ಒಂದು ಕಾರಣವೆಂದು ನನ್ನ ಎಣಿಕೆ.

ಸುವಾರ್ತೆಗಳಲ್ಲಿ ಇದಕ್ಕೆ ಆಧಾರ ಉಂಟೆ? ಒಂದೇ ಒಂದು ಕಡೆ ಉಂಟು. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸುತ್ತಾನೆ. ಅವರು ಹೋಗಿ ದೆವ್ವಗಳನ್ನು ಬಿಡಿಸಿದರು, ಅನೇಕ ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದರು ಎಂದು 13ನೆಯ ವಚನ ಹೇಳುತ್ತದೆ. ಇದೇ ಪ್ರಸಂಗವನ್ನು ಬರೆದ ಮತ್ತಾಯನೂ ಲೂಕನೂ ಎಣ್ಣೆಯ ಮಾತನ್ನು ಎತ್ತುವುದಿಲ್ಲ. ಯೇಸುವೇ ರೋಗಿಗಳಿಗೆ ಎಣ್ಣೆ ಹಚ್ಚಿದನೆಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಅವನು ಮುಟ್ಟುತ್ತಾನೆ, ಮಾತಾಡುತ್ತಾನೆ, ಉಗುಳಿನಿಂದ ಕೆಸರು ಮಾಡಿ ಕುರುಡನ ಕಣ್ಣಿಗೆ ಹಚ್ಚುತ್ತಾನೆ. ಎಣ್ಣೆಯನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಎಣ್ಣೆ ಶಿಷ್ಯರದು.

ಹಳೆಯ ಒಡಂಬಡಿಕೆಗೆ ಹೋದರೆ ಎಣ್ಣೆಯ ಹೊಳೆಯೇ ಹರಿಯುತ್ತದೆ. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಪವಿತ್ರ ತೈಲದ ಪಾಕವನ್ನೇ ಕೊಟ್ಟಿದೆ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಸುಗಂಧದ ಬಜೆ 250, ಲವಂಗಚಕ್ಕೆ 500, ಅದಕ್ಕೆ ಒಂದು ಹಿನ್ ಅಳತೆಯ ಎಣ್ಣೆ. ಅದನ್ನು ಸಾಮಾನ್ಯರ ಮೈಗೆ ಹಚ್ಚುವುದು ನಿಷಿದ್ಧ. ಆದುದರಿಂದ ನಮ್ಮ ರೋಗಿಗೂ ಈ ತೈಲಕ್ಕೂ ನೇರವಾದ ಸಂಬಂಧವಿಲ್ಲ. ಸಂಬಂಧವಿರುವುದು ಯಾಜಕಕಾಂಡದ 14ನೆಯ ಅಧ್ಯಾಯಕ್ಕೆ. ಬೈಬಲ್ ಓದುವವರು ಸಾಮಾನ್ಯವಾಗಿ ಬೇಸತ್ತು ಹಾಳೆ ಮಗುಚುವ ಅಧ್ಯಾಯವದು. ನಾನು ಅಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.

ಕುಷ್ಠವೆಂದು ಭಾಷಾಂತರವಾದ ಚರ್ಮರೋಗ ತಗುಲಿದವನು ಪಾಳೆಯದ ಹೊರಗೆ ಒಬ್ಬನೇ ಇರತಕ್ಕವನು. ಬಟ್ಟೆ ಹರಿದುಕೊಂಡು, ಬಾಯಿ ಮುಚ್ಚಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗುತ್ತ ತಿರುಗತಕ್ಕವನು. ಅವನ ರೋಗ ವಾಸಿಯಾದರೆ ಯಾಜಕನು ಪಾಳೆಯದ ಹೊರಕ್ಕೆ ಹೋಗಿ ನೋಡಬೇಕು. ಗುಣವಾಗಿರುವುದು ನಿಶ್ಚಯವಾದರೆ ಎಂಟನೆಯ ದಿನ ಬಲಿ. ಬಲಿಯ ರಕ್ತವನ್ನು ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚಬೇಕು. ಅನಂತರ ಯಾಜಕನು ಎಣ್ಣೆಯನ್ನು ತನ್ನ ಎಡ ಅಂಗೈಯಲ್ಲಿ ಹೊಯ್ದುಕೊಂಡು, ಏಳು ಸಲ ದೇವರ ಮುಂದೆ ಚಿಮುಕಿಸಿ, ರಕ್ತ ಹಚ್ಚಿದ ಆ ಮೂರು ಸ್ಥಾನಗಳಲ್ಲೇ ಎಣ್ಣೆಯನ್ನೂ ಹಚ್ಚಿ, ಉಳಿದದ್ದನ್ನು ಅವನ ತಲೆಯ ಮೇಲೆ ಹಾಕಬೇಕು. ಕಿವಿ, ಕೈ, ಕಾಲು: ಈ ಮೂರು ಗುರುತುಗಳು ಇನ್ನೆಲ್ಲಿ ಬರುತ್ತವೆ? ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ಆರೋನನಿಗೂ ಅವನ ಮಕ್ಕಳಿಗೂ ಯಾಜಕಪಟ್ಟ ಕಟ್ಟುವಾಗ. ಊರ ಹೊರಗೆ ಬಾಯಿ ಮುಚ್ಚಿಕೊಂಡಿದ್ದವನು ಮರಳಿ ಬರುವಾಗ ಮಹಾಯಾಜಕನಿಗೆ ಹಾಕಿದ ಗುರುತುಗಳನ್ನೇ ಹೊತ್ತು ಬರುತ್ತಾನೆ. ಇನ್ನೊಂದು ಸಂಗತಿ. ಅವನು ಬಡವನಾದರೆ ಏನು ಮಾಡಬೇಕೆಂಬುದನ್ನೂ ಅಲ್ಲಿ ಬರೆದಿದೆ. ಮೂರು ಕುರಿಗಳ ಬದಲು ಒಂದು. ಮಿಕ್ಕವಕ್ಕೆ ಎರಡು ಬೆಳವಕ್ಕಿಗಳೋ ಪಾರಿವಾಳಗಳೋ ಸಾಕು. ಹಿಟ್ಟು ಮೂರು ಪಾಲಿನ ಬದಲು ಒಂದು ಪಾಲು. ಎಣ್ಣೆ? ಶ್ರೀಮಂತನಿಗೂ ಒಂದು ಲೋಗ್ ಅಳತೆ, ಬಡವನಿಗೂ ಒಂದು ಲೋಗ್. ಅದರಲ್ಲಿ ಕಡಿತವಿಲ್ಲ.

ಆದರೆ ಈ ಎಣ್ಣೆ ರೋಗವನ್ನು ವಾಸಿಮಾಡುವುದಲ್ಲ, ವಾಸಿಯಾದ ಮೇಲೆ ಮನುಷ್ಯನನ್ನು ಜನರ ನಡುವೆ ಮರಳಿ ಸೇರಿಸುವುದು. ಯಾಕೋಬನಲ್ಲಿ ಕ್ರಮ ತಿರುಗಿದೆ. ಮೈ ನೆಟ್ಟಗಾಗಲಿ, ಆಮೇಲೆ ಸೇರಿಸಿಕೊಳ್ಳೋಣ ಎಂದು ಅವನು ಕಾಯುವುದಿಲ್ಲ. ಹಾಸಿಗೆ ಹಿಡಿದವನು ಸಭೆಗೆ ಬರಲಾರ. ಆದುದರಿಂದ ಸಭೆಯೇ ಅವನಲ್ಲಿಗೆ ಹೋಗಬೇಕು. ಮಂತ್ರವಾದಿಯಲ್ಲ, ರೋಗ ಗುಣಪಡಿಸುವ ವಿಶೇಷ ವರ ಪಡೆದವನಲ್ಲ (ಅಂಥವರು ಇದ್ದರೆಂದು ಪೌಲನು ಕೊರಿಂಥದವರಿಗೆ ಬರೆದ ಪತ್ರದಿಂದ ತಿಳಿಯುತ್ತದೆ), ಸಭೆಯ ಹಿರಿಯರು, ಅದೂ ಒಬ್ಬನಲ್ಲ, ಹಲವರು. ಕರೆ ಕಳುಹಿಸುವ ಅಧಿಕಾರ ಮಾತ್ರ ರೋಗಿಯದು.

ಹಿಂದಿನ ಕಾಲದ ಯೆಹೂದ್ಯ ಕಥೆಯೊಂದರಲ್ಲಿ ಮುದುಕನಾದ ಆದಾಮನು ಕಾಯಿಲೆ ಬೀಳುತ್ತಾನೆ. ಲೋಕದಲ್ಲಿ ಅದೇ ಮೊದಲ ಕಾಯಿಲೆ. ನೋವು ಎಂದರೇನೆಂದು ಮಕ್ಕಳಿಗೆ ತಿಳಿಯದು. ಹವ್ವಳೂ ಮಗನಾದ ಸೇಥನೂ ಕರುಣೆಯ ಮರದ ಎಣ್ಣೆಯನ್ನು ಬೇಡಲು ನಂದನವನದ ಬಾಗಿಲಿಗೆ ನಡೆಯುತ್ತಾರೆ. ದೇವದೂತ ಮಿಕಾಯೇಲನು ಬಂದು, ಆ ಎಣ್ಣೆ ಈಗ ದೊರೆಯದು, ಕಾಲಾಂತ್ಯದಲ್ಲಿ ಮಾತ್ರ ಎಂದು ಹಿಂದಿರುಗಿಸುತ್ತಾನೆ. ಆದಾಮ ಸಾಯುತ್ತಾನೆ. 'ಆದಾಮ ಹವ್ವರ ಚರಿತ್ರೆ' ಎಂದು ಹೆಸರಾದ ಈ ಕಥೆ ಬೈಬಲ್ಲಿಗೆ ಸೇರಲಿಲ್ಲ. ಆದರೆ ಎಣ್ಣೆಗಾಗಿ ಜನರು ಎಂತಹ ಬಾಗಿಲು ತಟ್ಟುತ್ತಿದ್ದರೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಕಥೆಯನ್ನು ನಾನು ಓದಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಉಳಿಸುತ್ತದೆ, ಎಬ್ಬಿಸುತ್ತಾನೆ ಎಂದು ಯಾಕೋಬ ನಿಸ್ಸಂದೇಹವಾಗಿ ಬರೆದುಬಿಟ್ಟ. ಏಳದೆ ಹೋದವರ ಗತಿ? ಗ್ರೀಕ್ ಮೂಲದಲ್ಲಿ ಎರಡು ಕ್ರಿಯಾಪದಗಳಿಗೂ ಎರಡೆರಡು ಮುಖಗಳಿವೆ. 'ಸೋಜೊ' ಎಂದರೆ ಕಾಯಿಲೆಯಿಂದ ಉಳಿಸು ಎಂದೂ ಆಗುತ್ತದೆ, ಆತ್ಮವನ್ನು ರಕ್ಷಿಸು ಎಂದೂ ಆಗುತ್ತದೆ. 'ಎಗೈರೊ' ಎಂದರೆ ಹಾಸಿಗೆಯಿಂದ ಎಬ್ಬಿಸು, ಸತ್ತವರೊಳಗಿಂದ ಎಬ್ಬಿಸು ಎರಡೂ ಹೌದು. ರೋಗಿಯನ್ನು ಸೂಚಿಸುವ ಪದಗಳಲ್ಲಿ ಒಂದಕ್ಕೆ ಬಲಗುಂದಿದವನೆಂದು, ಇನ್ನೊಂದಕ್ಕೆ ದಣಿದವನೆಂದು ಮೂಲಾರ್ಥ. ಒಬ್ಬ ವ್ಯಾಖ್ಯಾನಕಾರ ಇದನ್ನು ಶರೀರದ ಮಾತೆಂದರೆ ಇನ್ನೊಬ್ಬ ಆತ್ಮದ ಮಾತೆನ್ನುತ್ತಾನೆ. ಶರೀರ ಆತ್ಮಗಳನ್ನು ಹೀಗೆ ಎರಡು ಕಂಬಕ್ಕೆ ಕಟ್ಟುವುದು ಯೆಹೂದ್ಯ ಮನಸ್ಸಿನ ರೀತಿಯಲ್ಲ. ಯಾಕೋಬನು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದನೆಂದೇ ನನಗೆ ತೋರುತ್ತದೆ.

ಗುಣವಾಗದ ರೋಗಿಯನ್ನು ನೋಡಿ, ನಿನಗೆ ನಂಬಿಕೆ ಸಾಲದು ಎನ್ನುವ ಬೋಧಕರು ಎಲ್ಲ ಕಾಲದಲ್ಲೂ ಇದ್ದಾರೆ. ನರಳುವವನ ಮೇಲೆ ಇದಕ್ಕಿಂತ ಕ್ರೂರವಾದ ಹೊರೆ ಇಲ್ಲ. ಈ ವಚನವನ್ನೇ ಅವರು ಆಧಾರವಾಗಿ ಎತ್ತುತ್ತಾರೆ. ವಚನವನ್ನು ಮತ್ತೊಮ್ಮೆ ಓದಿ: ಪ್ರಾರ್ಥಿಸುವವರು ಹಿರಿಯರು; ನಂಬಿಕೆ ಇರಬೇಕಾದದ್ದು ಅವರ ಪ್ರಾರ್ಥನೆಯಲ್ಲಿ. ರೋಗಿಯಿಂದ ಯಾಕೋಬ ಕೇಳುವುದು ಕರೆಯಿಸಿಕೊಳ್ಳುವುದೊಂದನ್ನೇ. ಪಾಪದ ಮಾತೂ ಅಷ್ಟೇ. 'ಮಾಡಿದವನಾಗಿದ್ದರೆ' ಎಂಬ ಷರತ್ತಿನ ಹಿಂದೆ ಅದು ನಿಂತಿದೆ. ಕಾಯಿಲೆ ಬಂದವನೆಲ್ಲ ಪಾಪಿ ಎನ್ನುವವರ ವಾದವನ್ನು ಯೋಬನ ಗ್ರಂಥವೇ ಹಿಂದೆ ಮುರಿದಿತ್ತು. ಅಪೊಸ್ತಲರ ಕಾಲದಲ್ಲೂ ಎಲ್ಲರೂ ಎದ್ದು ಕುಳಿತರೆಂದೇನೂ ಇಲ್ಲ. ಪೌಲನಿಗೆ ಶರೀರದಲ್ಲಿ ಮುಳ್ಳಿನಂತಹ ಒಂದು ಬಾಧೆಯಿತ್ತು. ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ತಿಮೊಥೆಯನಿಗೆ ಬರೆದ ಪತ್ರಗಳಲ್ಲಿ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ ಸಂಗತಿ ಇದೆ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿಯಬೇಕೆಂಬ ಸಲಹೆಯೂ ಇದೆ. ವೈದ್ಯನನ್ನು ಬಿಡಿ ಎಂದು ಯಾಕೋಬ ಹೇಳಿದನೆನ್ನುವುದಕ್ಕೆ ಆಧಾರವಿಲ್ಲ. ಅವನಿಗಿಂತ ಸುಮಾರು ಎರಡು ಶತಮಾನಗಳಿಗೂ ಹಿಂದೆ ಯೆರೂಸಲೇಮಿನ ಬೆನ್ ಸಿರಾ ಎಂಬ ವಿದ್ವಾಂಸ ತನ್ನ ಗ್ರಂಥದ 38ನೆಯ ಅಧ್ಯಾಯದಲ್ಲಿ, ಕಾಯಿಲೆಯಾದಾಗ ಮೊದಲು ದೇವರನ್ನು ಬೇಡು, ಅನಂತರ ವೈದ್ಯನಿಗೆ ದಾರಿಬಿಡು, ಅವನೂ ದೇವರು ಮಾಡಿದವನೇ ಎಂಬ ಆಶಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಆ ಕಾಲದ ಔಷಧಿಯಾದ ಎಣ್ಣೆಯನ್ನೇ ಕೈಗೆತ್ತಿಕೊಂಡು ಬಾ ಎಂದವನು ಔಷಧದ ವೈರಿಯಾಗುವುದೆಂತು?

ಮುಂದಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕ್ರಿ. ಶ. 416ರಲ್ಲಿ ಗುಬ್ಬಿಯೊ ಪಟ್ಟಣದ ಬಿಷಪ್ ಡಿಸೆಂಟಿಯಸನ ಪ್ರಶ್ನೆಗೆ ಉತ್ತರವಾಗಿ ಪೋಪ್ ಒಂದನೆಯ ಇನ್ನೊಸೆಂಟನು ಬರೆದ ಪತ್ರ ಮುಖ್ಯವಾದದ್ದು. ಎಣ್ಣೆಯನ್ನು ಬಿಷಪ್ಪನು ಪವಿತ್ರಗೊಳಿಸಬೇಕು. ಆದರೆ ಹಚ್ಚುವ ಅಧಿಕಾರ ಗುರುಗಳಿಗೆ ಮಾತ್ರವಲ್ಲ, ತಮಗೋ ತಮ್ಮವರಿಗೋ ಕಾಯಿಲೆಯಾದಾಗ ಕ್ರೈಸ್ತರೆಲ್ಲರಿಗೂ ಉಂಟು ಎಂದು ಅದರಲ್ಲಿದೆ. ಎಂದರೆ ಪವಿತ್ರಗೊಂಡ ಎಣ್ಣೆ ಇನ್ನೂ ಮನೆಯ ಗೂಡಿನಲ್ಲಿತ್ತು. ಆರನೆಯ ಶತಮಾನದಲ್ಲಿ ಆರ್ಲ್ ಪಟ್ಟಣದ ಬಿಷಪ್ ಸಿಸೇರಿಯಸನು, ಮಾಟಗಾರರ ಬಳಿಗೆ ಓಡುವ ಬದಲು ಈ ಎಣ್ಣೆಯನ್ನು ಹಚ್ಚಿಕೊಳ್ಳಬಾರದೆ ಎಂದು ತನ್ನ ಜನರನ್ನು ಕೇಳುತ್ತಿದ್ದನು. ಕಾಲಕ್ರಮದಲ್ಲಿ ಹಚ್ಚುವ ಅಧಿಕಾರ ಗುರುಗಳಿಗೆ ಮೀಸಲಾಯಿತು. ಆ ಕಾಲದ ಪ್ರಾಯಶ್ಚಿತ್ತದ ನಿಯಮಗಳು ಕಠಿಣವಾಗಿದ್ದುದರಿಂದ ಜನರು ಅದನ್ನು ಮರಣಶಯ್ಯೆಗೆ ಮುಂದೂಡುತ್ತಿದ್ದರು. ಪ್ರಾಯಶ್ಚಿತ್ತದ ಬೆನ್ನಿಗೇ ಬರುವ ಅಭ್ಯಂಜನವೂ ಅದರೊಡನೆ ಮರಣಶಯ್ಯೆಗೆ ಸರಿಯಿತು. ಹನ್ನೆರಡನೆಯ ಶತಮಾನದ ಹೊತ್ತಿಗೆ ಅದರ ಹೆಸರೇ 'ಅಂತ್ಯಾಭ್ಯಂಜನ' ಎಂದಾಗಿತ್ತು. ಸಾವಿನ ಭಯವಿರುವ ರೋಗಿಗಲ್ಲದೆ ಬೇರೆಯವರಿಗೆ ಕೊಡಕೂಡದೆಂದು 1439ರಲ್ಲಿ ಫ್ಲಾರೆನ್ಸ್ ಧರ್ಮಸಮ್ಮೇಳನ ಬರೆದಿಟ್ಟಿತು. ಕಣ್ಣು, ಕಿವಿ, ಮೂಗು, ಬಾಯಿ, ಕೈ, ಕಾಲು, ಸೊಂಟ ಎಂದು ಅಂಗಗಳನ್ನೂ ಹೆಸರಿಸಿತು. ಎಣ್ಣೆ ಹಚ್ಚಿಸಿಕೊಂಡು ಬದುಕಿದವನು ಮತ್ತೆ ಮಾಂಸ ತಿನ್ನಕೂಡದು, ಬರಿಗಾಲಲ್ಲಿ ನಡೆಯಕೂಡದು, ಸಂಸಾರ ಮಾಡಕೂಡದು ಎಂಬ ನಂಬಿಕೆ ಜನರಲ್ಲಿ ಹರಡಿತ್ತು. ಅದನ್ನು ಧರ್ಮಸಭೆಯೇ ಖಂಡಿಸಬೇಕಾಯಿತು. ಎಬ್ಬಿಸುವುದಕ್ಕೆಂದು ಬಂದ ಎಣ್ಣೆ, ಎದ್ದವನನ್ನು ಅರ್ಧ ಸತ್ತವನೆಂದು ಎಣಿಸುವಂತೆ ಮಾಡಿತು!

ಮಾರ್ಟಿನ್ ಲೂಥರನು 1520ರಲ್ಲಿ ಈ ವಿರೋಧಾಭಾಸವನ್ನೇ ಹಿಡಿದು ಹೊಡೆದನು. ಯಾಕೋಬ ಹೇಳುವುದು ಏಳಬೇಕಾದ ರೋಗಿಯ ವಿಷಯ, ನೀವು ಮಾಡುವುದು ಸಾಯುವವನಿಗೆ ಎಂಬುದು ಅವನ ಆಕ್ಷೇಪದ ಸಾರ. ಜೊತೆಗೆ, ಸಂಸ್ಕಾರವನ್ನು ಸ್ಥಾಪಿಸುವ ಅಧಿಕಾರ ಕ್ರಿಸ್ತನಿಗೆ ಮಾತ್ರ, ಅಪೊಸ್ತಲನಿಗಲ್ಲ ಎಂದನು. ವಿಚಿತ್ರವೆಂದರೆ ಅವನ ಎದುರಾಳಿಯಾಗಿದ್ದ ಕಾರ್ಡಿನಲ್ ಕಯೆಟಾನನೂ ಯಾಕೋಬನ ವಚನ ಅಂತ್ಯಾಭ್ಯಂಜನವನ್ನು ಕುರಿತದ್ದಲ್ಲವೆಂದೇ ವ್ಯಾಖ್ಯಾನ ಬರೆದನು. 1551ರ ನವೆಂಬರಿನಲ್ಲಿ ಟ್ರೆಂಟ್ ಸಮ್ಮೇಳನ ಉತ್ತರ ಕೊಟ್ಟಿತು: ಮಾರ್ಕನಲ್ಲಿ ಸೂಚಿತವಾದದ್ದನ್ನು ಯಾಕೋಬ ಪ್ರಕಟಪಡಿಸಿದ, ಇದು ಕ್ರಿಸ್ತಸ್ಥಾಪಿತ ಸಂಸ್ಕಾರವೇ. ಹಿರಿಯರು ಎಂದರೆ ವಯೋವೃದ್ಧರಲ್ಲ, ದೀಕ್ಷೆ ಪಡೆದ ಗುರುಗಳು ಎಂದೂ ತೀರ್ಮಾನವಾಯಿತು. ಇಂಗ್ಲೆಂಡಿನ ಪ್ರಾರ್ಥನಾಗ್ರಂಥದಲ್ಲಿ 1549ರಲ್ಲಿ ಇದ್ದ ಈ ವಿಧಿ 1552ರ ಆವೃತ್ತಿಯಲ್ಲಿ ಮಾಯವಾಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಜಗಳಕ್ಕೆ ಬರಲೇ ಇಲ್ಲ. ಅಲ್ಲಿ ಸಂಪೂರ್ಣ ವಿಧಿಗೆ ಏಳು ಮಂದಿ ಗುರುಗಳು, ಏಳು ಸುವಾರ್ತಾಪಾಠಗಳು, ಏಳು ಸಲ ಅಭ್ಯಂಜನ. ಯಾಕೋಬನ ಬಹುವಚನವನ್ನು ಅವರು ಅಕ್ಷರಶಃ ಉಳಿಸಿಕೊಂಡರು.

ನಮ್ಮ ಊರಿನಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ಅಧ್ಯಾಪಕರೊಬ್ಬರ ಮನೆಯಲ್ಲಿ, ಅಜ್ಜಿಯ ಕಾಯಿಲೆ ಬಲವಾದಾಗ, ಗುರುಗಳನ್ನು ಕರೆಯೋಣವೆ ಎಂದು ಪಿಸುಮಾತಿನಲ್ಲಿ ಚರ್ಚೆ ನಡೆದದ್ದು ನನಗೆ ನೆನಪಿದೆ. ಅವರು ಬಂದರೆ ಅಜ್ಜಿಗೆ ತನ್ನ ಕಾಲ ಮುಗಿಯಿತೆಂದು ತಿಳಿದುಹೋಗುತ್ತದಲ್ಲ ಎಂಬ ಅಂಜಿಕೆ. ಅಜ್ಜಿ ಒಳಗಿನಿಂದ, "ಯಾಕಪ್ಪ ಗುಸುಗುಸು? ಸ್ವಾಮಿಗಳನ್ನು ಕರೀರಿ. ಎಣ್ಣೆ ಹಚ್ಚಿಸಿಕೊಂಡರೆ ಯಾರೂ ಸಾಯೋದಿಲ್ಲ" ಎಂದು ಕೂಗಿದರು. ಆ ಕಾಯಿಲೆಯಿಂದ ಎದ್ದು ಅವರು ಇನ್ನೂ ಕೆಲವು ವರ್ಷ ಬದುಕಿದ್ದರು. ಎಣ್ಣೆಯಿಂದ ಎದ್ದರೆಂದು ನಾನು ಹೇಳಲಾರೆ; ಆ ಊರಿನ ಡಾಕ್ಟರೂ ದಿನಕ್ಕೆರಡು ಸಲ ಬರುತ್ತಿದ್ದರು.

ಆ ಅಂಜಿಕೆಗೆ ಮದ್ದು ಹುಡುಕಿದ್ದು ಎರಡನೆಯ ವ್ಯಾಟಿಕನ್ ಸಮ್ಮೇಳನ. 1963ರ ಡಿಸೆಂಬರಿನಲ್ಲಿ ಅದು ಹೊರಡಿಸಿದ ಉಪಾಸನಾವಿಧಿಯ ಶಾಸನದಲ್ಲಿ, ಈ ಸಂಸ್ಕಾರವನ್ನು ರೋಗಿಗಳ ಅಭ್ಯಂಜನವೆಂದು ಕರೆಯುವುದೇ ಹೆಚ್ಚು ಯುಕ್ತ, ಇದು ಪ್ರಾಣ ಹೋಗುವ ಗಳಿಗೆಯವರಿಗೆ ಮಾತ್ರ ಮೀಸಲಲ್ಲ ಎಂದು ಸ್ಪಷ್ಟಪಡಿಸಿತು. 1972ರ ನವೆಂಬರ್ 30ರಂದು ಪೋಪ್ ಆರನೆಯ ಪೌಲರು ಹೊಸ ವಿಧಿಗೆ ಅಂಕಿತ ಹಾಕಿದರು. ಹಳೆಯ ಅಂಗಗಳ ಪಟ್ಟಿ ಹೋಗಿ ಹಣೆ ಮತ್ತು ಕೈಗಳಷ್ಟೇ ಉಳಿದವು. ಗುರುವಿನ ಬಾಯಲ್ಲಿ ಬರುವ ಪ್ರಾರ್ಥನೆಯಲ್ಲಿ ಯಾಕೋಬನ ಆ ಎರಡು ಕ್ರಿಯಾಪದಗಳು, ಉಳಿಸು ಮತ್ತು ಎಬ್ಬಿಸು ಎಂಬವು, ಮತ್ತೆ ಸೇರಿಕೊಂಡವು. ಎಣ್ಣೆಯ ವಿಷಯದಲ್ಲೂ ಒಂದು ಸಡಿಲಿಕೆ ಬಂತು. ಆಲಿವ್ ಎಣ್ಣೆ ದೊರೆಯದ ಅಥವಾ ದೊರೆಯುವುದು ಕಷ್ಟವಾದ ನಾಡುಗಳಲ್ಲಿ ಬೇರೆ ಸಸ್ಯದಿಂದ ತೆಗೆದ ಎಣ್ಣೆಯೂ ಆಗಬಹುದು. ಪ್ಯಾಲೆಸ್ಟೈನಿನ ಮನೆಯಲ್ಲಿ ಎಣ್ಣೆಮರದ ಎಣ್ಣೆ ಇದ್ದ ಹಾಗೆ ನಮ್ಮ ಕರಾವಳಿಯ ಮನೆಗಳಲ್ಲಿ ತೆಂಗಿನೆಣ್ಣೆ, ಬಯಲುಸೀಮೆಯಲ್ಲಿ ಎಳ್ಳೆಣ್ಣೆ ಯಾವಾಗಲೂ ಇರುತ್ತವಷ್ಟೆ.